ಹಳೇ ಕರ್ನೆಲ್‌ಗಳನ್ನು ತೆಗೆದು ಜಾಗ ಮಾಡಿಕೊಳ್ಳುವುದು ಹೇಗೆ: ಉಬುಂಟು, ಮಿಂಟ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಹಾಕಿಕೊಂಡು ಒಂದೆರಡು ವರ್ಷ ಆದಮೇಲೆ ಕೆಲವರಿಗೆ ಒಂದು ಎಚ್ಚರಿಕೆ ಬರುತ್ತದೆ: ಬೂಟ್‌ನಲ್ಲಿ ಜಾಗ ಕಡಿಮೆ ಇದೆ. ಇನ್ನು ಕೆಲವರಿಗೆ ಎಚ್ಚರಿಕೆಯೂ ಇಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತು "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅನ್ನುತ್ತದೆ. ಡಿಸ್ಕ್ 500 ಜಿಬಿ, ಅರ್ಧಕ್ಕಿಂತ ಜಾಸ್ತಿ ಖಾಲಿ. ಮತ್ತೆ ಜಾಗ ಎಲ್ಲಿ ಹೋಯ್ತು? ಬಹಳ ಸಲ ಉತ್ತರ ಒಂದೇ: ಅಪ್‌ಡೇಟ್ ಆದಾಗಲೆಲ್ಲ ಹೊಸ ಕರ್ನೆಲ್ ಬಂದಿದೆ, ಹಳೆಯದು ಹೋಗಿಲ್ಲ. ಕರ್ನೆಲ್ ಅಂದರೆ ಲಿನಕ್ಸಿನ ತಿರುಳು, ಯಂತ್ರದ ಭಾಗಗಳನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಂ. ಅದು ಕೂರುವ ಫೋಲ್ಡರೇ ಬೂಟ್.

ಮುಂಬೈ ಪಕ್ಕದ ಡೊಂಬಿವಲಿ, ಥಾಣೆ ಕಡೆ ನಮ್ಮವರ ಮನೆಗಳಲ್ಲಿ ನಾನು ನೋಡುವ ಯಂತ್ರಗಳು ಎರಡು ಬಗೆಯವು. ವಿಂಡೋಸ್ ತೆವಳಲು ಶುರುಮಾಡಿತು ಅಂತ ಮಿಂಟ್ ಹಾಕಿಸಿಕೊಂಡ ಹಳೇ ಲ್ಯಾಪ್‌ಟಾಪ್ ಒಂದು ಬಗೆ. ಐಟಿ ಕೆಲಸದ ಹುಡುಗರು ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡಿನ ಬೀಗ ಹಾಕಿ) ಉಬುಂಟು ಹಾಕಿಕೊಂಡ ಯಂತ್ರ ಇನ್ನೊಂದು. ಮೊದಲನೆಯವರಿಗೆ ಇದು ಜಾಗ ಉಳಿಸುವ ಕೆಲಸ. ಎರಡನೆಯವರಿಗೆ ಅಪ್‌ಡೇಟೇ ನಿಂತುಹೋಗುವ ಸಮಸ್ಯೆ. ಯಾಕೆ ಅಂತ ಮುಂದೆ ಬರುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಫೈಲ್ ಮ್ಯಾನೇಜರ್ ತೆರೆದು ಬೂಟ್ ಫೋಲ್ಡರಿನಿಂದ ಕೈಯಾರೆ ಫೈಲ್ ಅಳಿಸಬೇಡಿ. ಫೈಲ್ ಹೋದರೂ ಪ್ಯಾಕೇಜ್ ವ್ಯವಸ್ಥೆಯ (ಸಾಫ್ಟ್‌ವೇರ್ ಕಟ್ಟುಗಳನ್ನು ಹಾಕಿ ತೆಗೆಯುವ ವ್ಯವಸ್ಥೆ) ಲೆಕ್ಕದಲ್ಲಿ ಆ ಕರ್ನೆಲ್ ಇನ್ನೂ ಇದೆ. ಮುಂದಿನ ಅಪ್‌ಡೇಟ್ ತಕರಾರು ತೆಗೆಯುತ್ತದೆ. ಕರ್ನೆಲ್ ಪ್ಯಾಕೇಜಾಗಿ ಬಂದಿದೆ, ಪ್ಯಾಕೇಜಾಗಿಯೇ ಹೋಗಬೇಕು.

ಆಜ್ಞೆಗಳನ್ನು ಓದುವ ರೀತಿ

ಇಲ್ಲಿನ ಆಜ್ಞೆಗಳನ್ನು ನಾನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಸುಡೊ ಅಂದರೆ ಎಸ್-ಯು-ಡಿ-ಒ, ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ. ಆಪ್ಟ್ ಅಂದರೆ ಎ-ಪಿ-ಟಿ, ಪ್ಯಾಕೇಜ್ ಹಾಕಿ ತೆಗೆಯುವ ಪ್ರೋಗ್ರಾಂ. ಗ್ರೆಪ್ ಅಂದರೆ ಜಿ-ಆರ್-ಇ-ಪಿ, ಪಟ್ಟಿಯಲ್ಲಿ ಪದ ಹುಡುಕುವುದು. ಯುನೇಮ್ ಅಂದರೆ ಯು ಅಕ್ಷರಕ್ಕೆ ಅಂಟಿಕೊಂಡು ನೇಮ್. ಒಂದು ಅಡ್ಡಗೆರೆ ಇದ್ದರೆ ಒಂದು ಹೈಫನ್, ಎರಡಿದ್ದರೆ ಎರಡು. | ಅನ್ನುವುದು ಕೀಬೋರ್ಡಿನ ನಿಂತ ಗೆರೆ. ಕರ್ನೆಲ್ ಸಂಖ್ಯೆಗಳು ಉದಾಹರಣೆಗೆ ಮಾತ್ರ. ನಿಮ್ಮ ಯಂತ್ರದ ಸಂಖ್ಯೆ ಬೇರೆ ಇರುತ್ತದೆ, ಅದನ್ನೇ ಹಾಕಿ.

ಮೊದಲು ಜಾಗ ಎಲ್ಲಿ ತುಂಬಿದೆ ನೋಡಿ

ಡಿಎಫ್ -ಎಚ್ /ಬೂಟ್

ಬರುವ ಸಾಲಿನ ಕೊನೆಯ ಪದ ನೋಡಿ. ಅಲ್ಲಿ ಬರೀ ಓರೆಗೆರೆ ಇದ್ದರೆ ನಿಮ್ಮ ಬೂಟ್ ಫೋಲ್ಡರ್ ಮುಖ್ಯ ಡಿಸ್ಕಿನ ಒಳಗೇ ಇದೆ, ಗಾಬರಿ ಬೇಡ. ಅಲ್ಲಿ /ಬೂಟ್ ಅಂತಲೇ ಇದ್ದರೆ ಅದು ಬೇರೆ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಬೇರೆಯಾಗಿ ಪಾಲು ಮಾಡಿಟ್ಟ ಜಾಗ. ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಷನ್ ಆರಿಸಿದರೆ ಹೀಗೆ ಆಗುತ್ತದೆ. ಬೀಗ ತೆಗೆಯುವ ಮೊದಲೇ ಕರ್ನೆಲ್ ಶುರುವಾಗಬೇಕಲ್ವಾ? ಹಾಗಾಗಿ ಅದನ್ನು ಬೀಗದ ಹೊರಗೆ ಇಡುತ್ತಾರೆ. ಹಳೇ ಇನ್‌ಸ್ಟಾಲರ್‌ಗಳು ಇದಕ್ಕೆ ಅರ್ಧ ಜಿಬಿ ಆಸುಪಾಸು, ಕೆಲವೊಮ್ಮೆ ಇನ್ನೂ ಕಡಿಮೆ ಕೊಡುತ್ತಿದ್ದವು. ಒಂದು ರೂಮು ಒಂದು ಅಡುಗೆಮನೆಯ ಚಾಳಿನಲ್ಲಿ ಊರಿನ ನೆಂಟರೆಲ್ಲ ಬಂದು ಇಳಿದರೆ ಹೇಗೋ ಹಾಗೆ: ಮೂರನೆಯವರು ಬರುವ ತನಕ ನಡೆಯುತ್ತದೆ, ಐದನೆಯವರಿಗೆ ಬಾಗಿಲಲ್ಲೇ ನಿಲ್ಲಬೇಕು.

ಬರೀ ಡಿಎಫ್ -ಎಚ್ ಕೊಟ್ಟರೆ ಬರುವ ಪೂರ್ತಿ ಪಟ್ಟಿಯಲ್ಲಿ /ಬೂಟ್/ಇಎಫ್‌ಐ ಅಂತ ಇನ್ನೊಂದು ಪುಟ್ಟ ಪಾರ್ಟಿಷನ್ ಕಾಣಬಹುದು. ಉಬುಂಟು, ಮಿಂಟ್‌ನಲ್ಲಿ ಕರ್ನೆಲ್‌ಗಳು ಅಲ್ಲಿರುವುದಿಲ್ಲ. ಅದನ್ನು ಮುಟ್ಟಲು ಹೋಗಬೇಡಿ.

ಈಗ ಒಳಗೆ ಏನಿದೆ ನೋಡೋಣ.

ಎಲ್‌ಎಸ್ -ಎಲ್‌ಎಚ್‌ವಿ /ಬೂಟ್

ಕೊನೆಯ ವಿ ಅಕ್ಷರ ಮರೆಯಬೇಡಿ. ಅದಿಲ್ಲದಿದ್ದರೆ ಪಟ್ಟಿ ಅಕ್ಷರ ಕ್ರಮದಲ್ಲಿ ಬರುತ್ತದೆ, 6.8.0-100 ಅನ್ನುವುದು 6.8.0-45ಕ್ಕಿಂತ ಮೇಲೆ ಕೂರುತ್ತದೆ. ಮೇಲಿರುವುದೇ ಹಳೆಯದು ಅಂದುಕೊಂಡು ಹೊಸದನ್ನೇ ತೆಗೆಯುವ ಅಪಾಯ ಇರುವುದು ಇಲ್ಲೇ.

ಪ್ರತಿ ಕರ್ನೆಲ್ ಸಂಖ್ಯೆಗೆ ನಾಲ್ಕು ಫೈಲ್ ಕಾಣುತ್ತವೆ. ವಿಎಂಲಿನಜ್ ಅನ್ನುವುದೇ ಕರ್ನೆಲ್, ಹತ್ತು ಹದಿನೈದು ಎಂಬಿ. ಸಿಸ್ಟಮ್.ಮ್ಯಾಪ್ ಅದಕ್ಕಿಂತ ಚಿಕ್ಕದು. ಕಾನ್ಫಿಗ್ ಲೆಕ್ಕಕ್ಕೇ ಇಲ್ಲ. ಜಾಗ ತಿನ್ನುವುದು ಇನಿಟ್‌ಆರ್‌ಡಿ.ಐಎಂಜಿ. ಯಂತ್ರ ಏಳುವಾಗ ಮೊದಲು ಬೇಕಾಗುವ ಡ್ರೈವರ್‌ಗಳನ್ನೆಲ್ಲ ಒತ್ತಿ ಕಟ್ಟಿದ ಗಂಟು ಅದು. ಸಾಧಾರಣ ಯಂತ್ರದಲ್ಲಿ 60, 70 ಎಂಬಿ ಇರುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ನೂರು ದಾಟುವುದು ಮಾಮೂಲು.

ಇಷ್ಟೇ ಅಲ್ಲ. ಪ್ರತಿ ಕರ್ನೆಲ್‌ಗೆ /ಲಿಬ್/ಮಾಡ್ಯೂಲ್ಸ್ ಒಳಗೆ ಒಂದು ಫೋಲ್ಡರ್, /ಯುಎಸ್‌ಆರ್/ಎಸ್‌ಆರ್‌ಸಿ ಒಳಗೆ ಹೆಡರ್‌ಗಳು (ಡ್ರೈವರ್ ಕಟ್ಟಲು ಬೇಕಾಗುವ ಫೈಲುಗಳು) ಇರುತ್ತವೆ. ಎಲ್ಲ ಸೇರಿ ಒಂದೊಂದು ಕರ್ನೆಲ್ ಕೆಲವು ನೂರು ಎಂಬಿ ಹಿಡಿದಿರುತ್ತದೆ. ಮುಖ್ಯ ಡಿಸ್ಕಿನ ಜಾಗ ಹೋಗಿರುವುದು ಇಲ್ಲಿ. ಹಳೆಯವನ್ನು ಸರಿಯಾಗಿ ತೆಗೆದರೆ ಒಂದೆರಡು ಜಿಬಿ ಸಿಗಬಹುದು.

ಎಷ್ಟು ಉಳಿಸಿಕೊಳ್ಳಬೇಕು?

ಎರಡು. ಈಗ ಓಡುತ್ತಿರುವುದು ಒಂದು, ಅದಕ್ಕೆ ಮುಂಚೆ ಸರಿಯಾಗಿ ಓಡಿದ್ದು ಇನ್ನೊಂದು. ಒಂದನ್ನೇ ಇಟ್ಟುಕೊಂಡು ಮಿಕ್ಕಿದ್ದೆಲ್ಲ ಗುಡಿಸಿಹಾಕುವ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ಕೇಳಬೇಡಿ.

ಥಾಣೆಯಲ್ಲಿ ನಮ್ಮ ಪರಿಚಯದ ಶೆಟ್ರ ಹೋಟೆಲಿನ ಕೌಂಟರಿನಲ್ಲಿ ಮಿಂಟ್ ಓಡುವ ಒಂದು ಯಂತ್ರ ಇದೆ. ನೆಟ್‌ಗೆ ಯುಎಸ್‌ಬಿ ವೈಫೈ ಡಾಂಗಲ್. ಅದರ ಡ್ರೈವರ್ ಕರ್ನೆಲ್ ಜೊತೆ ಬಂದದ್ದಲ್ಲ, ಬೇರೆಯಾಗಿ ಡಿಕೆಎಂಎಸ್ (ಪ್ರತಿ ಹೊಸ ಕರ್ನೆಲ್‌ಗೆ ಡ್ರೈವರನ್ನು ಮತ್ತೆ ಕಟ್ಟಿಕೊಡುವ ವ್ಯವಸ್ಥೆ) ಮೂಲಕ ಹಾಕಿದ್ದು. ಒಂದು ದಿನ ಹೊಸ ಕರ್ನೆಲ್ ಬಂತು, ಆ ಡ್ರೈವರ್ ಹೊಸದಕ್ಕೆ ಕಂಪೈಲ್ ಆಗಲಿಲ್ಲ. ಸರಿಯಾಗಿ ಊಟದ ಹೊತ್ತಿಗೆ ಫೋನ್: "ಎಂಥ ಮಾರಾಯ ಇದು, ನೆಟ್ಟೇ ಇಲ್ಲ! ಪಾರ್ಸೆಲ್ ಆರ್ಡರ್ ಒಂದೂ ಕಾಣುದಿಲ್ಲ."

"ಶೆಟ್ರೇ, ರಿಸ್ಟಾರ್ಟ್ ಮಾಡಿ. ಕಂಪನಿ ಹೆಸರು ಬಂದು ಹೋಗ್ತಿದ್ದ ಹಾಗೆ ಎಸ್ಕೇಪ್ ಒಂದು ಸಲ ಒತ್ತಿ. ಅಡ್ವಾನ್ಸ್‌ಡ್ ಆಪ್ಷನ್ಸ್ ಅಂತ ಕಾಣ್ತದಾ? ಅದರೊಳಗೆ ಎರಡನೇ ಸಂಖ್ಯೆ ಆರಿಸಿ. ರಿಕವರಿ ಅಂತ ಬರೆದದ್ದು ಬೇಡ."

ಹಳೇ ಕರ್ನೆಲ್‌ನಲ್ಲಿ ಯಂತ್ರ ಎದ್ದಿತು, ವೈಫೈ ಬಂತು. ಡ್ರೈವರ್ ರಿಪೇರಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆಯ್ತು. ಎರಡನೇ ಕರ್ನೆಲ್ ಇರಬೇಕಾದ್ದು ಇಂಥ ಹೊತ್ತಿಗೆ. ಹಳೇ ಬಯೋಸ್ ಯಂತ್ರಗಳಲ್ಲಿ ಎಸ್ಕೇಪ್ ಬದಲು ಶಿಫ್ಟ್ ಒತ್ತಿ ಹಿಡಿಯಬೇಕು. ಎಸ್ಕೇಪನ್ನು ಟಪಟಪ ಒತ್ತುತ್ತಾ ಹೋದರೆ ಮೆನು ದಾಟಿ ಗ್ರಬ್‌ನ (ಯಂತ್ರ ಏಳುವಾಗ ಈ ಮೆನು ತೋರಿಸುವ ಪ್ರೋಗ್ರಾಂ) ಕಪ್ಪು ಪರದೆಗೆ ಹೋಗಿ ನಿಲ್ಲುತ್ತೀರಿ, ಅದಕ್ಕೇ ಒಂದೇ ಸಲ ಅಂದದ್ದು.

ಶುಚಿ ಮಾಡುವ ಮುಂಚೆ ರಿಸ್ಟಾರ್ಟ್

ಮೊದಲು ಬಾಕಿ ಇರುವ ಅಪ್‌ಡೇಟ್ ಮುಗಿಸಿ.

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಅಪ್‌ಗ್ರೇಡ್

ಆಮೇಲೆ ಯಂತ್ರ ರಿಸ್ಟಾರ್ಟ್ ಮಾಡಿ. ಮುಚ್ಚಳ ಮುಚ್ಚಿ ತೆಗೆಯುವುದು ರಿಸ್ಟಾರ್ಟ್ ಅಲ್ಲ. ತಿಂಗಳುಗಟ್ಟಲೆ ಸುಮ್ನೆ ಮುಚ್ಚಳ ಮುಚ್ಚಿ ತೆಗೆದು ಕೆಲಸ ಮಾಡುವವರ ಯಂತ್ರದಲ್ಲಿ ಹೊಸ ಕರ್ನೆಲ್‌ಗಳು ಬಂದು ಬಿದ್ದಿರುತ್ತವೆ, ಓಡುತ್ತಿರುವುದು ಮಾತ್ರ ಹಳೆಯದೇ. ಓಡುತ್ತಿರುವುದನ್ನು ಆಪ್ಟ್ ತಾನಾಗಿ ತೆಗೆಯುವುದಿಲ್ಲ, ಹಾಗಾಗಿ ಅದೂ ಉಳಿಯುತ್ತದೆ.

ಎದ್ದ ಮೇಲೆ ಯಾವುದು ಓಡುತ್ತಿದೆ ಕೇಳಿ.

ಯುನೇಮ್ -ಆರ್

6.8.0-48-ಜೆನೆರಿಕ್ ಅನ್ನುವ ಥರ ಉತ್ತರ ಬರುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈ ಸಂಖ್ಯೆಯ ಯಾವುದನ್ನೂ ಇವತ್ತು ಮುಟ್ಟುವ ಹಾಗಿಲ್ಲ. ಆಮೇಲೆ ವೈಫೈ, ಸೌಂಡ್, ಪ್ರಿಂಟರ್, ಎರಡನೇ ಮಾನಿಟರ್ ಎಲ್ಲ ಸರಿ ಇದೆಯಾ ನೋಡಿ. ಹೊಸ ಕರ್ನೆಲ್ ಮೇಲೆ ಒಂದೆರಡು ದಿನ ಕೆಲಸ ಮಾಡಿ ಆಮೇಲೆ ಶುಚಿ ಮಾಡಿದರೆ ಇನ್ನೂ ಒಳ್ಳೆಯದು. ಬೂಟ್ ತುಂಬಿ ತುಳುಕುತ್ತಿದ್ದರೆ ಮಾತ್ರ ಕಾಯಲು ಆಗುವುದಿಲ್ಲ.

ಲೋಕಲ್‌ನಲ್ಲಿ ಸೀಟು ಸಿಕ್ಕಿತು ಅಂತ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅಪ್‌ಗ್ರೇಡ್ ಶುರು ಮಾಡುವವರಿದ್ದಾರೆ. ಇಳಿಯುವ ಸ್ಟೇಷನ್ ಬಂದ ಕೂಡಲೇ ಮುಚ್ಚಳ ಪಟಕ್ಕನೆ ಮುಚ್ಚುತ್ತಾರೆ. ಬ್ಯಾಟರಿ ಸತ್ತರಂತೂ ಪ್ಯಾಕೇಜ್ ಅರ್ಧ ಬೆಂದು ಕೂರುತ್ತದೆ. ಈ ಕೆಲಸವನ್ನು ಮನೆಯಲ್ಲಿ, ಚಾರ್ಜರ್ ಹಾಕಿಕೊಂಡು ಮಾಡಿ.

ಮುಖ್ಯ ಆಜ್ಞೆ

ಹೆಚ್ಚಿನವರಿಗೆ ಇದೊಂದೇ ಸಾಕು:

ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್

ಆಟೊರಿಮೂವ್ ಅನ್ನುವುದು ಒಂದೇ ಪದ. ಬೇರೆ ಯಾವ ಪ್ಯಾಕೇಜಿಗೂ ಬೇಡವಾದ, ತಾನಾಗಿ ಬಂದ ಪ್ಯಾಕೇಜುಗಳನ್ನು ಇದು ಹುಡುಕುತ್ತದೆ. ಓಡುತ್ತಿರುವ ಕರ್ನೆಲ್ಲನ್ನೂ ಇತ್ತೀಚಿನವನ್ನೂ ಬಿಟ್ಟು ಉಳಿದವನ್ನು ತೆಗೆಯಲು ಹೊರಡುತ್ತದೆ. ಪರ್ಜ್ ಸೇರಿಸಿದರೆ ಸೆಟ್ಟಿಂಗ್ ಫೈಲುಗಳ ಚೂರುಪಾರೂ ಉಳಿಯುವುದಿಲ್ಲ.

ಆಜ್ಞೆ ಕೊಟ್ಟ ಕೂಡಲೇ ಏನೂ ಅಳಿಯುವುದಿಲ್ಲ. ಪಟ್ಟಿ ತೋರಿಸಿ, ಎಷ್ಟು ಜಾಗ ಸಿಗುತ್ತದೆ ಹೇಳಿ, ವೈ ಅಥವಾ ಎನ್ ಕೇಳುತ್ತದೆ. ಇಲ್ಲಿ ಅವಸರ ಬೇಡ. ಪಟ್ಟಿಯಲ್ಲಿ ಲಿನಕ್ಸ್-ಇಮೇಜ್, ಲಿನಕ್ಸ್-ಮಾಡ್ಯೂಲ್ಸ್, ಲಿನಕ್ಸ್-ಹೆಡರ್ಸ್ ಅಂತ ಶುರುವಾಗಿ ಹಳೇ ಸಂಖ್ಯೆ ಇರುವವು ಇದ್ದರೆ ಸರಿ. ಚೀಟಿಯಲ್ಲಿ ಬರೆದ ಸಂಖ್ಯೆ ಕಂಡರೆ ಎನ್ ಒತ್ತಿ. ಲಿನಕ್ಸ್-ಜೆನೆರಿಕ್, ಲಿನಕ್ಸ್-ಇಮೇಜ್-ಜೆನೆರಿಕ್ ಅಂತ ಕರ್ನೆಲ್ ಸಂಖ್ಯೆ ಇಲ್ಲದ ಹೆಸರು ಕಂಡರೂ ಎನ್. ಮುಂದಿನ ಕರ್ನೆಲ್‌ಗಳನ್ನು ಎಳೆದು ತರುವುದು ಅವೇ. ಅವು ಹೋದರೆ ಹೊಸ ಕರ್ನೆಲ್ ಬರುವುದೇ ನಿಲ್ಲುತ್ತದೆ, ಭದ್ರತಾ ತೇಪೆಗಳೂ ಬರುವುದಿಲ್ಲ. ನೀವು ದಿನಾ ಬಳಸುವ ಯಾವುದಾದರೂ ಸಾಫ್ಟ್‌ವೇರ್ ಪಟ್ಟಿಯಲ್ಲಿ ನುಸುಳಿದೆಯಾ ಅಂತಲೂ ಕಣ್ಣಾಡಿಸಿ.

ವೈ ಒತ್ತಿದ ಮೇಲೆ ಗ್ರಬ್ ಮೆನುವನ್ನು ಅದೇ ಹೊಸದಾಗಿ ಬರೆಯುತ್ತದೆ. ನೀವು ಪ್ರತ್ಯೇಕವಾಗಿ ಏನೂ ಮಾಡಬೇಕಿಲ್ಲ.

ಮಿಂಟ್‌ನಲ್ಲಿ ಟರ್ಮಿನಲ್ಲೇ ಬೇಡ. ಅಪ್‌ಡೇಟ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನೆಲ್ಸ್ ಒತ್ತಿ. ಯಾವುದು ಓಡುತ್ತಿದೆ, ಯಾವುದು ಸುಮ್ನೆ ಕೂತಿದೆ ಅಂತ ಅಲ್ಲೇ ಬರೆದಿರುತ್ತದೆ. ಅಪ್ಪ ಅಮ್ಮನ ಯಂತ್ರಕ್ಕೆ ಇದೇ ದಾರಿ ಒಳ್ಳೆಯದು. ಅದೇ ಮ್ಯಾನೇಜರಿನ ಪ್ರಿಫರೆನ್ಸಸ್‌ನಲ್ಲಿ, ಆಟೊಮೇಷನ್ ಅಡಿಯಲ್ಲಿ, ಬೇಡವಾದ ಕರ್ನೆಲ್‌ಗಳನ್ನು ತಾನೇ ತೆಗೆಯುವ ಆಯ್ಕೆಯೂ ಇದೆ. ಆನ್ ಮಾಡಿಬಿಡಿ.

ಆಟೊರಿಮೂವ್ ಏನೂ ತೆಗೆಯದಿದ್ದರೆ

ಬೂಟ್‌ನಲ್ಲಿ ಐದಾರು ಕರ್ನೆಲ್ ಕಾಣುತ್ತಿವೆ, ಆಟೊರಿಮೂವ್ ಮಾತ್ರ ತೆಗೆಯಲು ಏನೂ ಇಲ್ಲ ಅನ್ನುತ್ತದೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಆ ಕರ್ನೆಲ್‌ಗಳ ಮೇಲೆ "ಬಳಕೆದಾರರೇ ಹಾಕಿದ್ದು" ಅನ್ನುವ ಗುರುತು ಇರುವುದು. ಯಾವತ್ತೋ ಯಾರೋ ಹೆಸರು ಹಿಡಿದು ಇನ್‌ಸ್ಟಾಲ್ ಮಾಡಿದ್ದರೆ ಹಾಗಾಗುತ್ತದೆ. ನೋಡಿ:

ಆಪ್ಟ್-ಮಾರ್ಕ್ ಶೋಮ್ಯಾನುಯಲ್ | ಗ್ರೆಪ್ ಲಿನಕ್ಸ್-

ಹಳೇ ಸಂಖ್ಯೆ ಇರುವ ಹೆಸರುಗಳು ಬಂದರೆ ಒಂದೊಂದನ್ನೇ "ತಾನಾಗಿ ಬಂದದ್ದು" ಅಂತ ಗುರುತು ಬದಲಿಸಿ:

ಸುಡೊ ಆಪ್ಟ್-ಮಾರ್ಕ್ ಆಟೊ ಲಿನಕ್ಸ್-ಇಮೇಜ್-6.8.0-45-ಜೆನೆರಿಕ್

ಆಮೇಲೆ ಮತ್ತೆ ಆಟೊರಿಮೂವ್. ಸಂಖ್ಯೆ ಇಲ್ಲದ ಹೆಸರುಗಳ ಗುರುತು ಬದಲಿಸಬೇಡಿ.

ಇನ್ನೂ ಹೋಗದಿದ್ದರೆ ಹೆಸರು ಹಿಡಿದು ತೆಗೆಯಬೇಕು. ಮೊದಲು ಪಟ್ಟಿ:

ಡಿಪಿಕೆಜಿ -ಎಲ್ | ಗ್ರೆಪ್ 6.8.0-45

ಸಾಲಿನ ಮೊದಲು ಐಐ ಅಂತ ಇದ್ದರೆ ಪೂರ್ತಿ ಇದೆ. ಆರ್‌ಸಿ ಅಂತ ಇದ್ದರೆ ಪ್ಯಾಕೇಜ್ ಹೋಗಿದೆ, ಸೆಟ್ಟಿಂಗ್ ಮಾತ್ರ ಉಳಿದಿದೆ. ಅದು ಜಾಗ ತಿನ್ನುವುದಿಲ್ಲ, ಬೇಕಿದ್ದರೆ ಪರ್ಜ್ ಮಾಡಿ. ಐಐ ಇರುವುದನ್ನೆಲ್ಲ ಒಂದೇ ಆಜ್ಞೆಯಲ್ಲಿ ಕೊಡಿ:

ಸುಡೊ ಆಪ್ಟ್ ಪರ್ಜ್ ಲಿನಕ್ಸ್-ಇಮೇಜ್-6.8.0-45-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-6.8.0-45-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ-6.8.0-45-ಜೆನೆರಿಕ್ ಲಿನಕ್ಸ್-ಹೆಡರ್ಸ್-6.8.0-45-ಜೆನೆರಿಕ್

ಒಂದೇ ಸಲ ಯಾಕೆ? ಇಮೇಜ್ ಒಂದನ್ನೇ ತೆಗೆಯಲು ಹೋದರೆ ಉಬುಂಟು ತಮಾಷೆ ಮಾಡುತ್ತದೆ. ಮಾಡ್ಯೂಲ್ಸ್-ಎಕ್ಸ್‌ಟ್ರಾ ಪ್ಯಾಕೇಜಿಗೆ ಅದೇ ಸಂಖ್ಯೆಯ ಒಂದು ಇಮೇಜ್ ಬೇಕೇ ಬೇಕು. ನೀವು ಒಂದನ್ನು ತೆಗೆದರೆ ಅದು ಲಿನಕ್ಸ್-ಇಮೇಜ್-ಅನ್‌ಸೈನ್ಡ್ ಅನ್ನುವ ಇನ್ನೊಂದನ್ನು ಹಾಕಲು ಹೊರಡುತ್ತದೆ. ಜಾಗ ಮಾಡಲು ಹೋಗಿ ಅಷ್ಟೇ ದೊಡ್ಡದನ್ನು ತಂದುಕೊಂಡ ಹಾಗಾಯ್ತು. ಪರದೆಯಲ್ಲಿ "ಹೊಸದಾಗಿ ಹಾಕುವ ಪ್ಯಾಕೇಜುಗಳು" ಅಂತ ಏನಾದರೂ ಕಂಡರೆ ಎನ್ ಒತ್ತಿ ಪಟ್ಟಿ ಸರಿಮಾಡಿ.

ಅಪ್ಪಿತಪ್ಪಿ ಓಡುತ್ತಿರುವ ಕರ್ನೆಲ್ ಹೆಸರೇ ಕೊಟ್ಟರೆ, ಬೇರೊಂದು ಪರದೆ ಬಂದು ತೆಗೆಯುವುದನ್ನು ನಿಲ್ಲಿಸಲಾ ಅಂತ ಕೇಳುತ್ತದೆ. ಪ್ರಶ್ನೆ ತಿರುಗುಮುರುಗು ಇದೆ ನೋಡಿ: ಯೆಸ್ ಅಂದರೆ ಬಚಾವ್, ನೋ ಅಂದರೆ ಕರ್ನೆಲ್ ಹೋಯ್ತು.

ಇನ್ನೊಂದು ಸಂದೇಶ ಆಗಾಗ ಬರುತ್ತದೆ: /ಲಿಬ್/ಮಾಡ್ಯೂಲ್ಸ್ ಒಳಗಿನ ಫೋಲ್ಡರ್ ಖಾಲಿ ಇಲ್ಲ, ಹಾಗಾಗಿ ತೆಗೆದಿಲ್ಲ. ಡಿಕೆಎಂಎಸ್ ಡ್ರೈವರ್‌ಗಳು ಬಿಟ್ಟುಹೋದ ಚೂರುಗಳು ಅವು. ಆ ಸಂಖ್ಯೆಯ ಒಂದೂ ಪ್ಯಾಕೇಜ್ ಐಐ ಸ್ಥಿತಿಯಲ್ಲಿ ಇಲ್ಲ ಅಂತ ಖಾತ್ರಿಯಾದರೆ ಆ ಒಂದು ಫೋಲ್ಡರನ್ನು ಕೈಯಿಂದ ಅಳಿಸಬಹುದು.

ಯುನೇಮ್, ಗ್ರೆಪ್, ಸೆಡ್ ಎಲ್ಲ ಒಂದೇ ಸಾಲಿನಲ್ಲಿ ಕಟ್ಟಿದ ಉದ್ದುದ್ದ ಆಜ್ಞೆಗಳನ್ನು ಹಂಚುವವರಿದ್ದಾರೆ. ಒಂದೇ ಏಟಿಗೆ ಹಳೆಯದೆಲ್ಲ ಸಾಫ್ ಅನ್ನುತ್ತಾರೆ. ಅವುಗಳಲ್ಲಿ ಹಲವು "ಓಡುತ್ತಿರುವುದನ್ನು ಬಿಟ್ಟು ಎಲ್ಲ" ಅಂತ ಲೆಕ್ಕ ಹಾಕುತ್ತವೆ. ಆಗತಾನೇ ಇಳಿದ, ಇನ್ನೂ ಓಡಿರದ ಹೊಸ ಕರ್ನೆಲ್ಲೂ ಅದರಲ್ಲಿ ಹೋಗುತ್ತದೆ. ಓದಿ ಅರ್ಥವಾಗದ ಸಾಲನ್ನು ಸುಡೊ ಹಾಕಿ ಓಡಿಸಬೇಡಿ.

ಬೂಟ್ ನೂರಕ್ಕೆ ನೂರು ತುಂಬಿದ್ದರೆ

ಎನ್‌ಕ್ರಿಪ್ಟ್ ಮಾಡಿಕೊಂಡವರಿಗೆ ಬರುವ ತೊಡಕು ಇದು. ಹೊಸ ಕರ್ನೆಲ್ ಇಳಿದಿದೆ, ಅದರ ಇನಿಟ್‌ಆರ್‌ಡಿ ಬರೆಯಲು ಜಾಗ ಇಲ್ಲ, ಪ್ಯಾಕೇಜ್ ಅರ್ಧಕ್ಕೆ ನಿಂತಿದೆ. ಆಟೊರಿಮೂವ್ ಮಾಡೋಣ ಅಂದರೆ "ಮೊದಲು ಮುರಿದದ್ದನ್ನು ಸರಿಮಾಡಿ" ಅನ್ನುತ್ತದೆ. ಸರಿಮಾಡೋಣ ಅಂದರೆ ಜಾಗ ಇಲ್ಲ ಅನ್ನುತ್ತದೆ.

ಈ ಸ್ಥಿತಿಯಲ್ಲಿ ಯಂತ್ರವನ್ನು ರಿಸ್ಟಾರ್ಟ್ ಮಾಡಬೇಡಿ. ಇನಿಟ್‌ಆರ್‌ಡಿ ಇಲ್ಲದ ಹೊಸ ಕರ್ನೆಲ್ ಮೆನುವಿನ ಮೊದಲಿಗೆ ಬಂದಿದ್ದರೆ ಯಂತ್ರ ಏಳುವುದಿಲ್ಲ. (ಆಗಲೇ ಮಾಡಿಬಿಟ್ಟಿದ್ದರೆ ಶೆಟ್ರಿಗೆ ಹೇಳಿದ ಎಸ್ಕೇಪ್ ದಾರಿಯೇ ನಿಮಗೂ.)

ಯುನೇಮ್ -ಆರ್ ಹಾಕಿ ಓಡುತ್ತಿರುವುದನ್ನು ಗುರುತು ಮಾಡಿಕೊಳ್ಳಿ. ಬೂಟ್‌ನಲ್ಲಿ ಎಲ್ಲಕ್ಕಿಂತ ಹಳೇ ಸಂಖ್ಯೆ ಯಾವುದು ನೋಡಿ. ಅದು ಓಡುತ್ತಿರುವುದಲ್ಲ ಅಂತ ಇನ್ನೊಮ್ಮೆ ನೋಡಿ. ಈಗ ಅದರ ಇನಿಟ್‌ಆರ್‌ಡಿ ಮಾತ್ರ ತೆಗೆಸಿ:

ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಡಿ -ಕೆ 6.8.0-45-ಜೆನೆರಿಕ್

ಒಂದು ಗಂಟಿನಷ್ಟು ಜಾಗ ಸಿಕ್ಕಿತು. ಕೂಡಲೇ ಅರ್ಧಕ್ಕೆ ನಿಂತ ಕೆಲಸ ಮುಗಿಸಿ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮತ್ತೆ ಜಾಗ ಸಾಲದು ಅಂದರೆ ಅದರ ಮುಂದಿನ ಹಳೇ ಸಂಖ್ಯೆಗೆ ಇದನ್ನೇ ಮಾಡಿ. ದೋಷ ಇಲ್ಲದೆ ಮುಗಿದ ಮೇಲೆ ಆಟೊರಿಮೂವ್ --ಪರ್ಜ್ ಓಡಿಸಿ. ಗಂಟು ಕಳೆದುಕೊಂಡ ಆ ಹಳೇ ಕರ್ನೆಲ್ ಪ್ಯಾಕೇಜನ್ನು ಬಿಡಬೇಡಿ. ಆಟೊರಿಮೂವ್ ಮುಟ್ಟದಿದ್ದರೆ ಹೆಸರು ಹಿಡಿದು ಪರ್ಜ್ ಮಾಡಿ. ಅದು ಮೆನುವಿನಲ್ಲಿ ಇದ್ದರೂ ಏಳಲಾರದು. ಇಷ್ಟಾದ ಮೇಲೆ ರಿಸ್ಟಾರ್ಟ್.

ಪುಟ್ಟ ಬೂಟ್ ಇರುವವರಿಗೆ ಒಂದು ಅಳತೆ: ಒಂದು ಇನಿಟ್‌ಆರ್‌ಡಿ ಎಷ್ಟು ದೊಡ್ಡದೋ ಅದಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಯಾವಾಗಲೂ ಖಾಲಿ ಇರಲಿ. ಅದನ್ನು ಹೊಸದಾಗಿ ಕಟ್ಟುವಾಗ ಹಳೆಯದನ್ನು ಉಳಿಸಿಕೊಂಡೇ ಪಕ್ಕದಲ್ಲಿ ಹೊಸದನ್ನು ಬರೆಯುತ್ತದೆ. /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಒಳಗಿನ ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ ದೊಡ್ಡಕ್ಷರದ ಮಾಡ್ಯೂಲ್ಸ್ ಸಾಲನ್ನು ಮೋಸ್ಟ್‌ನಿಂದ ಡೆಪ್‌ಗೆ ಬದಲಿಸಿದರೆ ಗಂಟು ಚಿಕ್ಕದಾಗುತ್ತದೆ, ಯಾಕೆಂದರೆ ಈ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಸೇರುತ್ತದೆ. ಆದರೆ ಅದೇ ಡಿಸ್ಕನ್ನು ಬಿಚ್ಚಿ ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ಏಳದೆ ಇರಬಹುದು. ತೀರಾ ಬೇಕಾದರೆ ಮಾತ್ರ ಮಾಡಿ.

ಕರ್ನೆಲ್ ತೆಗೆದರೂ ಜಾಗ ಸಾಲದಿದ್ದರೆ

ಬೂಟ್ ಬೇರೆ ಇಲ್ಲದ ಯಂತ್ರದಲ್ಲಿ ಡಿಸ್ಕ್ ತುಂಬಿದ್ದರೆ ಒಂದೆರಡು ಜಿಬಿ ಎಲ್ಲಿಗೂ ಸಾಲುವುದಿಲ್ಲ. ಮಿಂಟ್‌ನಲ್ಲಿ ಮೊದಲು ಟೈಮ್‌ಶಿಫ್ಟ್ ನೋಡಿ. ಯಂತ್ರ ಕೆಟ್ಟರೆ ಹಿಂದಕ್ಕೆ ಹೋಗಲು ಅದರ ಸ್ಥಿತಿಯ ನಕಲು (ಸ್ನ್ಯಾಪ್‌ಶಾಟ್) ಇಟ್ಟುಕೊಳ್ಳುವ ಪ್ರೋಗ್ರಾಂ ಅದು. ಸ್ನ್ಯಾಪ್‌ಶಾಟ್‌ಗಳು ಅದೇ ಡಿಸ್ಕಿನಲ್ಲಿ ಕೂತಿದ್ದರೆ ಹತ್ತಾರು ಜಿಬಿ ಅಲ್ಲೇ ಇರುತ್ತದೆ. ನೆನಪಿರಲಿ, ಸ್ನ್ಯಾಪ್‌ಶಾಟ್ ಒಳಗೆ ಹಳೇ ಕರ್ನೆಲ್‌ಗಳ ಮಾಡ್ಯೂಲ್‌ಗಳೂ ಇರುತ್ತವೆ, ಅದನ್ನು ಅಳಿಸುವ ತನಕ ಆ ಜಾಗವೂ ಪೂರ್ತಿ ಬಿಡುಗಡೆ ಆಗುವುದಿಲ್ಲ. ಆಮೇಲೆ ಇಳಿಸಿಟ್ಟ ಪ್ಯಾಕೇಜ್ ಫೈಲುಗಳಿಗೆ ಸುಡೊ ಆಪ್ಟ್ ಕ್ಲೀನ್. ಲಾಗ್ ಬೆಳೆದಿದ್ದರೆ ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ (ಇಲ್ಲಿ ಎಂ ಮಾತ್ರ ದೊಡ್ಡಕ್ಷರ).

ಬೇರೆ ಡಿಸ್ಟ್ರೋಗಳಲ್ಲಿ (ಲಿನಕ್ಸಿನ ಬೇರೆ ಬಗೆಗಳಲ್ಲಿ)

ಡೆಬಿಯನ್ ಬಳಸುವವರಿಗೂ ದಾರಿ ಇದೇ, ಹೆಸರು ಮಾತ್ರ ಸ್ವಲ್ಪ ಬೇರೆ. ಕೊನೆಯಲ್ಲಿ ಜೆನೆರಿಕ್ ಬದಲು ಎಎಂಡಿ64 ಅಂತ ಇರುತ್ತದೆ. ಪುಣೆಯಲ್ಲಿ ಪ್ರಧಾನ ಕಚೇರಿ ಇರುವ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಮೇಲೆ ಕಟ್ಟಿದ್ದೇ, ಅಲ್ಲೂ ಆಟೊರಿಮೂವ್ ನಡೆಯುತ್ತದೆ.

ಫೆಡೋರಾ ಈ ವಿಷಯದಲ್ಲಿ ಜಾಣ. ಮೂರು ಕರ್ನೆಲ್ ಇಟ್ಟುಕೊಂಡು, ನಾಲ್ಕನೆಯದು ಬಂದಾಗ ಎಲ್ಲಕ್ಕಿಂತ ಹಳೆಯದನ್ನು ತಾನೇ ತೆಗೆಯುತ್ತದೆ. ಎರಡೇ ಸಾಕು ಅನ್ನುವವರು /ಇಟಿಸಿ/ಡಿಎನ್‌ಎಫ್/ಡಿಎನ್‌ಎಫ್.ಕಾನ್ಫ್ ಫೈಲಿನಲ್ಲಿ ಇನ್‌ಸ್ಟಾಲ್‌ಓನ್ಲಿ_ಲಿಮಿಟ್=2 ಅಂತ ಹಾಕಿದರಾಯ್ತು.

ಆರ್ಚ್‌ನಲ್ಲಿ ಹಳೇ ಕರ್ನೆಲ್ ಉಳಿಯುವುದೇ ಇಲ್ಲ, ಹೊಸದು ಬಂದಾಗ ಹಳೆಯದರ ಜಾಗದಲ್ಲೇ ಕೂರುತ್ತದೆ. ಓಡುತ್ತಿರುವ ಕರ್ನೆಲ್‌ನ ಮಾಡ್ಯೂಲ್‌ಗಳೂ ಹೋಗಿರುತ್ತವೆ. ಅಪ್‌ಡೇಟ್ ಆದ ಮೇಲೆ ಪೆನ್‌ಡ್ರೈವ್ ಹಾಕಿದರೆ ತೆರೆಯುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಒಮ್ಮೆ ರಿಸ್ಟಾರ್ಟ್ ಮಾಡಿ ನೋಡಿ. ಅಲ್ಲಿ ಇನ್ನೊಂದು ಸುರಕ್ಷತೆಗೆ ಲಿನಕ್ಸ್-ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಇನ್ನೊಂದು ಕರ್ನೆಲ್) ಪ್ಯಾಕೇಜನ್ನು ಪಕ್ಕದಲ್ಲಿ ಹಾಕಿಟ್ಟುಕೊಂಡು, ಬೂಟ್ ಮೆನುವಿನಲ್ಲಿ ಅದರ ಹೆಸರು ಬಂದಿದೆಯಾ ಅಂತ ನೋಡಿಕೊಳ್ಳಬೇಕು.